ಆರು ಬಿಂದಿಗೆಯ ಮನೆ

"ತಣ್ಣಿ ವಂದಿಚ್ಚಾಮ್ಮಾ?"

ಕೆಜಿಎಫ್‌ಗೆ ಬಂದ ಮರುದಿನ ಬೆಳಿಗ್ಗೆ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು ಕೇಳಿದರು. ನನಗೆ ಥಂಡಿ ಬಂದಿದೆಯೇ ಎಂದು ವಿಚಾರಿಸುತ್ತಿದ್ದಾರೆ ಅಂದುಕೊಂಡು, "ಇಲ್ರೀ, ಆರಾಮ ಅದೀನಿ" ಅಂದೆ. ಅವರು ಖಾಲಿ ಬಿಂದಿಗೆ ಎತ್ತಿ ತೋರಿಸಿದರು. "ನೀರು ಕಣಮ್ಮ. ನೀರು ಬಂತಾ?" ತಣ್ಣಿ ಅಂದರೆ ತಮಿಳಿನಲ್ಲಿ ನೀರು. ಗದಗ ಜಿಲ್ಲೆ ಬಿಟ್ಟು ಬಂದವಳು ಕರ್ನಾಟಕದೊಳಗೇ ಇದ್ದೆ. ಆದರೂ ನೀರು ಅನ್ನುವ ಮಾತಿನಿಂದಲೇ ಕಲಿಕೆ ಶುರುವಾಯಿತು.

ಅವರು ಸರೋಜಕ್ಕ. ನನ್ನ ಗಂಡನಿಗೆ ಇಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಹಿಡಿದ ಬಾಡಿಗೆ ಮನೆಯ ಹಿಂದೆಯೇ ಅವರ ‘ಲೈನ್’, ಅಂದರೆ ಗಣಿ ಕಾರ್ಮಿಕರಿಗೆಂದು ಹಿಂದೆ ಕಟ್ಟಿದ ಗಿಡ್ಡ ಸಾಲುಮನೆಗಳು. ನಮ್ಮ ಕಡೆ ಜೋಳದ ರೊಟ್ಟಿಯನ್ನು ಅಗಿದಷ್ಟೂ ರುಚಿ. ಇಲ್ಲಿ ಮುದ್ದೆ ಅಗಿಯುತ್ತಿದ್ದ ನನ್ನನ್ನು ನೋಡಿ, "ನುಂಗಮ್ಮ, ಹಲ್ಲಿಗೆ ಕೆಲಸ ಕೊಡಬ್ಯಾಡ" ಎಂದು ಹೇಳಿಕೊಟ್ಟವರು ಅವರೇ.

ಗಂಡ ಶಿಫ್ಟಿಗೆ ಹೋದರೆ ಮನೆ ಬಿಕೋ ಅನ್ನುತ್ತಿತ್ತು. ಆಗ ಸಮೀಕ್ಷೆಯ ಕೆಲಸವೊಂದು ಸಿಕ್ಕಿತು. ಬಂಗಾರಪೇಟೆಯಿಂದ ಇಲ್ಲಿಯವರೆಗೆ ರಸ್ತೆಯುದ್ದಕ್ಕೂ ಬಡಾವಣೆಗಳು ಏಳುತ್ತಿವೆಯಲ್ಲ, ಹೀಗೆ ಬೆಳೆಯುವ ಊರು ಎಷ್ಟು ನೀರು, ಉರುವಲು, ನೆಲ ಬಳಸುತ್ತದೆ, ಎಷ್ಟು ಕಸ ಹಾಕುತ್ತದೆ ಎಂದು ಅಳೆಯುವುದು. ಇದಕ್ಕೆ ಪರಿಸರದ ಹೆಜ್ಜೆಗುರುತು ಅನ್ನುತ್ತಾರೆ. ನನಗೆ ನಮ್ಮ ಬೀದಿ ಮತ್ತು ಹಿಂದಿನ ಲೈನ್ ಬಂದವು.

ದಿನಕ್ಕೆ ಎಷ್ಟು ನೀರು ಎಂದಾಗ ಸರೋಜಕ್ಕ, "ಆರು ಬಿಂದಿಗೆ" ಅಂದರು. ಸೊಸೆ, ಇಬ್ಬರು ಮೊಮ್ಮಕ್ಕಳು ಸೇರಿ ನಾಲ್ಕು ಜನ. ಇಷ್ಟು ಜನಕ್ಕೆ ಆರು ಸಾಲದು, ಬಿಂದಿಗೆಯ ಎಣಿಕೆ ತಪ್ಪಿರಬೇಕು ಎಂದುಕೊಂಡು, ಅವರೆದುರಿಗೆ ತಲೆಯಾಡಿಸಿ, ಮನೆಗೆ ಬಂದು ಹನ್ನೆರಡು ಎಂದು ಬರೆದೆ. ಲೈನಿನ ಉಳಿದ ಮನೆಗಳಿಗೂ ಹಾಗೇ ಮಾಡಿದೆ. ಯಾವ ಬೀದಿಗೆ ಎಷ್ಟು ನೀರು ಬೇಕೆಂದು ಆ ವರದಿ ನೋಡಿಯೇ ಮುಂದೆ ಯೋಚಿಸುತ್ತಾರೆಂದು ನನಗೆ ಗೊತ್ತಿತ್ತು.

ಮುಂದಿನ ವಾರ ಬೇತಮಂಗಲದ ಕೆರೆಯಿಂದ ಬರುವ ನಲ್ಲಿ ನೀರು ನಮ್ಮ ಕಡೆ ನಾಲ್ಕು ದಿನ ಬರಲಿಲ್ಲ. ನಮ್ಮ ಟ್ಯಾಂಕು ಎರಡೇ ದಿನಕ್ಕೆ ತಳ ಕಂಡಿತು. ಸರೋಜಕ್ಕ ತಾವು ತುಂಬಿಟ್ಟಿದ್ದರಲ್ಲಿ ಎರಡು ಬಿಂದಿಗೆ ತಂದು ಅಡುಗೆಮನೆಯಲ್ಲಿಟ್ಟರು.

"ನಿಮಗ?"

"ನಮಗೆ ಐತಮ್ಮ. ಇಟ್ಕೊ."

ಖಾಲಿ ಬಿಂದಿಗೆ ಕೊಡಲು ಹೋದಾಗ ನೋಡಿದೆ. ಅಕ್ಕಿ ತೊಳೆದ ನೀರು ಪಾತ್ರೆ ತೊಳೆಯಲು, ಬಟ್ಟೆ ಜಾಲಿಸಿದ ನೀರು ಬಚ್ಚಲು ತೊಳೆಯಲು, ಕೊನೆಯದು ಕರಿಬೇವಿನ ಗಿಡಕ್ಕೆ. ಅಲ್ಲೇ ನಿಂತು ಹೇಳಿಬಿಟ್ಟೆ: "ಅಕ್ಕಾ, ನೀವು ಆರು ಅಂದಿದ್ದನ್ನ ನಾನು ಹನ್ನೆರಡು ಅಂತ ಬರದೀನಿ."

"ಯಾಕಮ್ಮ? ನಾನು ಸುಳ್ಳು ಏಳ್ತೀನಾ?"

ದನಿ ಏರಿಸಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಬಂಗಾರಪೇಟೆಗೆ ಹೋಗಿ ಸಮೀಕ್ಷೆ ನೋಡಿಕೊಳ್ಳುವ ಮೇಡಂ ಎದುರು ತಪ್ಪೊಪ್ಪಿಕೊಂಡೆ. ಅವರು, "ಎಲ್ಲಾ ಮನೆಗೂ ಮತ್ತೆ ಹೋಗಿ. ಕೇಳಿ ಬರೆಯಬೇಡಿ, ಅಳೆದು ಬರೆಯಿರಿ" ಅಂದರು. ನನ್ನ ಜೊತೆ ಬಂದವರು ಯಾರು? ಸರೋಜಕ್ಕನೇ. ಒಂದು ಬಾಗಿಲಲ್ಲಿ ತಮಿಳು, ಇನ್ನೊಂದರಲ್ಲಿ ತೆಲುಗು ಮಾತಾಡುತ್ತಾ, ನನ್ನ ತಪ್ಪನ್ನು ಯಾರಿಗೂ ಹೇಳದೆ, ಬಿಸಿಲಲ್ಲಿ ಐದು ದಿನ ನಡೆದರು. ಲೈನಿನವರು ಹೇಳಿದ್ದೆಲ್ಲ ಸರಿಯಾಗಿತ್ತು. ನಾನು ಅಳೆದ ಮನೆಗಳಲ್ಲಿ ಅತಿ ಹೆಚ್ಚು ನೀರು ಚೆಲ್ಲುತ್ತಿದ್ದುದು ಇಬ್ಬರೇ ಇರುವ ನನ್ನ ಮನೆ. ತಿದ್ದಿದ ವರದಿಯೇ ಮುಂದಕ್ಕೆ ಹೋಯಿತು.

ಅವತ್ತು ಸರೋಜಕ್ಕ ಮುನಿಸಿಕೊಂಡು ಬಾಗಿಲು ಹಾಕಿದ್ದರೆ ಈ ಊರು ನನಗೆ ದಕ್ಕುತ್ತಿರಲಿಲ್ಲ. ಆ ಋಣ ದೊಡ್ಡದು.

ಹೋದ ತಿಂಗಳು ತವರಿಗೆ ಹೋಗಿದ್ದೆ. ಸರೋಜಕ್ಕನ ಫೋನ್ ಬಂತು: "ಯಾವಾಗ ಬತ್ತೀಯಮ್ಮ?" ಫೋನ್ ಇಟ್ಟು ಅಣ್ಣನ ಹೆಂಡತಿಗೆ ಹೇಳಿದೆ, "ವೈನಿ, ನಾಳೆ ಊರಿಗೆ ಹೊಂಡ್ತೀನಿ."

"ಮತ್ತ ಇದು ಯಾರ ಊರು?" ಅಂದಳು ವೈನಿ, ನಗುತ್ತಾ.

ನಾನೂ ನಕ್ಕೆ. ಬ್ಯಾಗಿಗೆ ಜೋಳದ ಹಿಟ್ಟು ತುಂಬುತ್ತಾ ಕೂತೆ.