ಜಾಡು ಬೀಳಬಾರದು
ಸರ್ಕಾರಿ ಕಾಡಿನ ನಡುವೆ ಸ್ವಂತ ಜಮೀನಿರುವವರು ರಸ್ತೆ ಬೇಕೆಂದರೆ ಸಾಕು, ಅರಣ್ಯ ಕಚೇರಿಯ ಸಾಹೇಬರ ಹುಬ್ಬು ಮೇಲೇರುತ್ತದೆ. ಹಾಲನ್ನೂ ಸುಣ್ಣದ ನೀರೇನೋ ಎಂದು ಮೂಸಿ ನೋಡುವ ಆಸಾಮಿ. "ಜಮೀನು ನಿಮ್ದು, ಕಾಡು ಎಲ್ರದ್ದು. ನಿಮ್ಮ ಬೇಲಿಯೊಳಗೆ ಎಷ್ಟು ಬೇಕಾದ್ರೂ ರಸ್ತೆ ಮಾಡ್ಕೊಳ್ಳಿ, ಹೊರಗೆ ಒಂದು ಗೇಣೂ ಇಲ್ಲ" ಎನ್ನುವುದು ಅವರ ಮಂತ್ರ. "ಅಮ್ಮನ್ನ ಆಸ್ಪತ್ರೆಗೆ ಸೇರಿಸ್ಬೇಕು ಸಾರ್" ಎಂದವನನ್ನು ಕನ್ನಡಕದ ಮೇಲಿಂದ ನೋಡಿ, "ನಿಮ್ಮಮ್ಮ ಲಾರಿಯಷ್ಟು ಅಗಲ ಇದ್ದಾರೇನ್ರೀ?" ಎಂದು ಕೇಳುತ್ತಾರೆ. ಕೊಂಬೆ ಮುರಿದು ಬಿದ್ದಿದ್ದರೆ ಗಾಳಿಗೆ ಬಿತ್ತೆಂದರೆ ನಂಬದೆ, ಕುಕ್ಕುರುಗಾಲಲ್ಲಿ ಕೂತು ಚಕ್ರದ ಗುರುತು ಹುಡುಕುತ್ತಾರೆ. ತಮ್ಮ ಕಾಲಿನ ಮೇಲೂ ಅವರಿಗೆ ಗುಮಾನಿಯೇ. ಕಾಡಿನೊಳಗಿನ ಅಣ್ಣನ ಮನೆಗೆ ಹೋಗುವಾಗ ಜೀಪನ್ನು ಗೇಟಿನಲ್ಲೇ ಬಿಟ್ಟು, ಪ್ರತಿ ಸಲವೂ ಬೇರೆ ಕಡೆಯಿಂದ ಪೊದೆ ಸರಿಸಿಕೊಂಡು ನಡೆಯುತ್ತಾರೆ. ಮೊನ್ನೆ ಆ ಮನೆಯಲ್ಲಿದ್ದ ತಾಯಿಗೆ ಜ್ವರ ನೆತ್ತಿಗೇರಿದಾಗ ಬೆನ್ನ ಮೇಲೆ ಹೊತ್ತು ಜೀಪಿನವರೆಗೆ ತಂದವರೂ ಅವರೇ. ಏದುಸಿರು ಬಿಡುತ್ತಿದ್ದ ಮಗನ ಕಿವಿಯಲ್ಲಿ ಮುದುಕಿ, "ನೆಟ್ಟಗೆ ಹೋಗ್ಬಾರ್ದೇನೋ, ಯಾಕಿಷ್ಟು ಸುತ್ತಿಸ್ತೀಯ?" ಎಂದು ನರಳಿದರು. ಸಾಹೇಬರು ಬೆನ್ನಿನ ಭಾರ ಸರಿಮಾಡಿಕೊಂಡು, "ಬರೋವಾಗ ನೆಟ್ಟಗೇ ತುಳ್ಕೊಂಡು ಬಂದೆ ಅಮ್ಮಾ," ಎಂದರು, "ಇನ್ನೊಂದ್ಸಲ ತುಳಿದ್ರೆ ಜಾಡು ಬಿದ್ದುಬಿಡುತ್ತೆ."