ಮೂರು ಸಲ ಹೇಳುವವನು

ಮನೆಯಲ್ಲೇ ಕೂತು ಕಂಪನಿಯ ಗಿರಾಕಿಗಳ ದೂರು ಕೇಳುವ ಈ ಮಹಾಶಯನ ಕರೆ ಇವತ್ತಿನವರೆಗೆ ಒಮ್ಮೆಯೂ ಕಟ್ಟಾಗಿಲ್ಲ. ವೈಫೈ ಕೈಕೊಟ್ಟರೆ ಮೊಬೈಲ್ ನೆಟ್‌ವರ್ಕ್ ಹಿಡಿಯುತ್ತಾನೆ. ಅದೂ ಕುಂಟಿದರೆ ಲ್ಯಾಪ್‌ಟಾಪ್ ಅವಚಿಕೊಂಡು ಮಂಚ ಹತ್ತಿ, ಬೀರು ಹತ್ತಿ, ಅಟ್ಟ ಸೇರಿ, ಹಳೇ ಹಾಸಿಗೆಗಳ ನಡುವೆ ಕತ್ತು ಬಗ್ಗಿಸಿ ಕೂತು, "ಹೇಳಿ ಸಾರ್, ಆರಾಮಾಗಿ ಹೇಳಿ" ಎನ್ನುತ್ತಾನೆ. ನಡುವೆ ಯಾವ ಮಾತು ಹಾರಿಹೋಗುತ್ತದೋ ಎಂದು ಎಲ್ಲವನ್ನೂ ಮೂರು ಸಲ ಹೇಳಿ, "ಕೇಳಿಸ್ತಾ?" ಎಂದು ಕಾಯುತ್ತಾನೆ. ಊಟಕ್ಕೆ ಕೂತರೂ ಅದೇ ಚಾಳಿ: "ಉಪ್ಪು ಕೊಡು, ಉಪ್ಪು ಕೊಡು, ಉಪ್ಪು ಕೊಡು. ಕೇಳಿಸ್ತಾ?" "ಬೀದಿಗೆಲ್ಲ ಕೇಳಿಸ್ತು ಕಣ್ರೀ!" ಎಂದು ಹೆಂಡತಿ ಡಬ್ಬಿ ಕುಕ್ಕುತ್ತಾಳೆ. ಕಿವಿ ಮಂದವಾದ ಅಮ್ಮ ಮಾತ್ರ ಮಗನ ಪಕ್ಕದಲ್ಲೇ ಕೂರುತ್ತಾಳೆ. ಇನ್ನೊಂದು ಸಲ ಹೇಳು ಎನ್ನಲು ಸಂಕೋಚಪಟ್ಟು ವರ್ಷಗಟ್ಟಲೆ ಸುಮ್ಮನೆ ತಲೆಯಾಡಿಸುತ್ತಿದ್ದವಳು, ಈಗ ಮೂರನೇ ಸಲಕ್ಕೆ, "ಹ್ಞೂಂ, ಕೇಳಿಸ್ತಪ್ಪಾ" ಎನ್ನುತ್ತಾಳೆ.