ಸುವಿಲ್ಲಾ ದೊಡ್ಡಮ್ಮನ ಕೈಯ ಮಕ್ಕಳು

ಸುವಿಲ್ಲಾ ದೊಡ್ಡಮ್ಮ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಕಾರು ಕರೆಂಟು ಬಿಟ್ಟು ಹಳೇ ಕಾಲದಂತೆ ಬದುಕುವ ನಮ್ಮ ಆಮಿಶ್ ಕ್ರೈಸ್ತರಲ್ಲಿ ಮೂವತ್ತು ವರ್ಷ ಹೆರಿಗೆ ಮಾಡಿಸಿದವಳು. ಅವಳ ಕುದುರೆಗಾಡಿ ಹೊಡೆಯುತ್ತಿದ್ದವಳು ನಾನು. ದೊಡ್ಡಮ್ಮನ ಬಾಯಿ ಬಹಳ ಜೋರು. "ಅರಚ್ಬೇಡ ಕಣೇ, ನಮ್ಮ ಹಸುನೇ ನಿನಗಿಂತ ಮರ್ಯಾದೆಯಾಗಿ ಕರು ಹಾಕುತ್ತೆ" ಎಂದು ಗದರಿಸಿ, ನೋವು ತಿನ್ನುವವಳನ್ನೂ ನಗಿಸುತ್ತಿದ್ದಳು.

ಆ ಬಾಯಿ ಕಟ್ಟಿದ್ದು ಮೂರು ಮಕ್ಕಳಿಂದ. ಮೂರೂ ಅವಳ ಕೈಯಲ್ಲೇ ಹುಟ್ಟಿದವು. ವರ್ಷ ತುಂಬುವ ಹೊತ್ತಿಗೆ ಜ್ವರ, ವಾಂತಿ ಬಂದು, ಎರಡೇ ದಿನದಲ್ಲಿ ಕೈಕಾಲು ಸೆಟೆದು ಕತ್ತು ನಿಲ್ಲದಂತಾದವು. ಹೆರಿಗೆಯಲ್ಲಿ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾಗಿದೆ ಎಂದರು ಆಸ್ಪತ್ರೆಯವರು. ಹತ್ತು ತಿಂಗಳು ನಗುತ್ತ ಅಂಬೆಗಾಲಿಟ್ಟ ಕೂಸಿಗೆ ಹುಟ್ಟುವಾಗಲೇ ಪೆಟ್ಟು ಹೇಗೆ ಎಂದು ಕೇಳುವ ಬುದ್ಧಿ ನಮಗ್ಯಾರಿಗೂ ಬರಲಿಲ್ಲ. ದೊಡ್ಡಮ್ಮ ಹೆರಿಗೆಗೆ ಹೋಗುವುದನ್ನೇ ಬಿಟ್ಟಳು.

ಆರು ವರ್ಷದ ಮೇಲೆ ಮಕ್ಕಳ ಡಾಕ್ಟರೊಬ್ಬ ಬಂದು ಆ ಮೂರು ಮಕ್ಕಳ ಮೂತ್ರವನ್ನು ಪರೀಕ್ಷೆಗೆ ಒಯ್ದ. ತಿಂಗಳಾದ ಮೇಲೆ ದೊಡ್ಡಮ್ಮನ ಅಡುಗೆಮನೆಗೆ ಬಂದು ಕೂತ.

"ನಿಮ್ಮ ಕೈಯಿಂದ ಆದದ್ದಲ್ಲಮ್ಮ. ಇದು ಅಪ್ಪ, ಅಮ್ಮ ಇಬ್ಬರ ಕಡೆಯಿಂದಲೂ ಬಂದ ರೋಗ."

ದೊಡ್ಡಮ್ಮ ಉಟ್ಟಿದ್ದ ಏಪ್ರನ್ನಿನಲ್ಲಿ ಮುಖ ಮುಚ್ಚಿ ಅತ್ತಳು. ನನಗೂ ಎದೆ ಹಗುರಾಯಿತು. ಅಷ್ಟಕ್ಕೇ ಆ ಪುಣ್ಯಾತ್ಮ ಎದ್ದು ಹೋಗಬಾರದಿತ್ತೇ!

"ಜ್ವರ ಬಂದಾಗ ಇಂಥ ಮಕ್ಕಳ ಹೊಟ್ಟೆ ಮಾತ್ರ ಖಾಲಿ ಇಡಬಾರದು. ಇಟ್ಟರೆ ಮೈಯಲ್ಲೇ ವಿಷ ಹುಟ್ಟಿ ಮಿದುಳಿಗೆ ಏರುತ್ತೆ."

ವಾಂತಿಯಾದರೆ ಒಂದು ಹಗಲು, ಒಂದು ರಾತ್ರಿ ನೀರು ಬಿಟ್ಟು ಏನೂ ಕೊಡಬೇಡಿ ಎನ್ನುವುದು ದೊಡ್ಡಮ್ಮನ ಕಟ್ಟಳೆ. ನಮ್ಮ ತಾಯಂದಿರು ಬಿಷಪ್ಪರ ಮಾತನ್ನಾದರೂ ಮೀರಿಯಾರು, ಅದನ್ನು ಮೀರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆಯೇ ನನ್ನಿಂದ ಗಾಡಿ ಕಟ್ಟಿಸಿ ಮೂರೂ ಮನೆಗೆ ಹೊರಟಳು. ಕೊನೆಯದು ಮಲಿಂಡಾಳ ಮನೆ. ಅವಳು ಏಳು ವರ್ಷದ ಮಗನನ್ನು ತೊಡೆಯ ಮೇಲೆ ಒರಗಿಸಿಕೊಂಡು, ಬೇಯಿಸಿ ಕಿವುಚಿದ ಸೇಬನ್ನು ಚಮಚದಲ್ಲಿ ತಿನ್ನಿಸುತ್ತಿದ್ದಳು. ಅರ್ಧ ಗಲ್ಲದ ಮೇಲೆ ಇಳಿಯುತ್ತಿತ್ತು.

"ಇವನಿಗೆ ಏನೂ ಕೊಡಬೇಡ ಅಂದೋಳು ನಾನು, ಮಲಿಂಡಾ. ಅದ್ರಿಂದಲೇ ಹೀಗಾದ."

ಚಮಚ ನಿಂತಿತು.

"ಅವತ್ತು ಹಾಲಿಗೆ ಅಂತ ಅತ್ತಿದ್ದ. ನಾನು ಕೊಡಲಿಲ್ಲ," ಎಂದಳು ಮಲಿಂಡಾ. ಮಗನ ಗಲ್ಲ ಒರೆಸಿದಳು. "ಕ್ಷಮಿಸಿದೀನಿ ದೊಡ್ಡಮ್ಮ."

ತಲೆ ಎತ್ತಿ ನೋಡಲಿಲ್ಲ. ನಮ್ಮವರು ಹಾಗೆ ಹೇಳಲೇಬೇಕು. ಕ್ಷಮಿಸದವರನ್ನು ದೇವರೂ ಕ್ಷಮಿಸುವುದಿಲ್ಲ ಎಂದು ತೊಟ್ಟಿಲಲ್ಲೇ ಕಲಿಸಿರುತ್ತಾರೆ. ಮೊದಲಿನ ಎರಡು ಮನೆಯಲ್ಲೂ ಅದೇ ಮಾತು ಕೇಳಿ ಬಂದಿದ್ದೆವು.

ಗಾಡಿ ಹತ್ತಿದ ಮೇಲೆ ದೊಡ್ಡಮ್ಮ ನನ್ನ ತೋಳು ಹಿಡಿದಳು.

"ಒಬ್ಳೂ ಬೈಲಿಲ್ವಲ್ಲೇ. ನೀನಾದ್ರೂ ಬೈಯೇ."

ನನ್ನಿಂದ ಆಗಲಿಲ್ಲ.